ಗೋಧಿಯ ಚೀಲಕ್ಕೆ ಮರ್ಯಾದೆ

ಕುಂದಮೊಟ್ಟೆಯ ಮಾಯಿಲಪ್ಪನ ಜಗಲಿಯಲ್ಲಿ ಒಂದು ಕುರ್ಚಿಯಿತ್ತು. ಬೆತ್ತ ಹೆಣೆದದ್ದು, ಕೈ ಇರುವಂಥದ್ದು, ಒಂದು ಕಾಲು ಉಳಿದ ಮೂರಕ್ಕಿಂತ ಕುಳ್ಳು. ಯಾವನೋ ದೊರೆ ತೋಟ ಮಾರಿ ಸೀಮೆಯ ಹಡಗು ಹತ್ತುವಾಗ ನಡೆದ ಹರಾಜಿನಲ್ಲಿ ಮಾಯಿಲಪ್ಪ ಅದನ್ನು ಹಿಡಿದು, ಭಾಗಮಂಡಲದಿಂದ ತಲೆಯ ಮೇಲೆ ಹೊತ್ತು ತಂದಿದ್ದ. ಅವನು ಅದರಲ್ಲಿ ಕೂತವನಲ್ಲ. ಹೆಂಡತಿ ಪೊನ್ನಮ್ಮ ಒಮ್ಮೆ ಅದರ ಮೇಲೆ ಮೆಣಸು ಒಣಗಿಸಿದ್ದಕ್ಕೆ ಅವಳೊಡನೆ ಮಾತು ಬಿಟ್ಟಿದ್ದ. ಪ್ಯಾಂಟು ಹಾಕಿದ ಮನುಷ್ಯನೊಬ್ಬ ಎಂದಾದರೂ ಬಂದೇ ಬರುತ್ತಾನೆ, ಬಂದಾಗ ಅವನಿಗೆ ಕೂರಲು ಜಾಗ ಬೇಕು ಎಂಬುದು ಅವನ ವಾದ. ಕರಿಕೆಗೆ ಹೋಗುವ ದಾರಿಯಲ್ಲಿ, ಜೀಪು ಕೂಡ ಒಮ್ಮೆ ಯೋಚಿಸಿ ಏರುವ ಗುಡ್ಡದ ಮೇಲಿನ ಏಳು ಮನೆಯ ಊರಿಗೆ ಪ್ಯಾಂಟು ಹಾಕಿದವನು ಯಾಕೆ ಬರಬೇಕು ಎಂದು ಯಾರೂ ಅವನನ್ನು ಕೇಳಲಿಲ್ಲ. ಕೇಳಿದ್ದರೆ ನಮಗೆ ಈ ಕಥೆ ಇರುತ್ತಿರಲಿಲ್ಲ. ಕುಂದಮೊಟ್ಟೆಗೆ ಅಕ್ಕಿ ಇರುತ್ತಿತ್ತು.

ಆ ಊರಿನಲ್ಲಿ ಅಕ್ಕಿ ಕೊಂಡವರೂ ಇಲ್ಲ, ಮಾರಿದವರೂ ಇಲ್ಲ. ಎಲ್ಲರೂ ಶ್ರೀಮಂತರೆಂದು ಇದರ ಅರ್ಥವಲ್ಲ. ಒಂದು ಮನೆಯಿಂದ ಬಂದ ಪಾತ್ರೆ ಖಾಲಿಯಾಗಿ ಮರಳಿ ಹೋಗಬಾರದು ಎಂಬ ಒಂದೇ ಕಟ್ಟುಪಾಡಿನ ಮೇಲೆ ಊರು ಬದುಕಿತ್ತು. ಎಳೆಬಿದಿರ ಕಣಿಲೆಯ ಪಲ್ಯ ಹೊತ್ತು ಹೋದ ಪಾತ್ರೆ ಗದ್ದೆಯ ಏಡಿ ಹೊತ್ತು ಬರುತ್ತಿತ್ತು. ಏಡಿ ಹೋದದ್ದು ಅಕ್ಕಿಯಾಗಿ, ಅಕ್ಕಿ ಹೋದದ್ದು ಜೇನಾಗಿ, ಜೇನು ಹೋದದ್ದು ಹಂದಿಯ ತೊಡೆಯಾಗಿ ತಿರುಗಿ ಬರುತ್ತಿತ್ತು. ಯಾರೂ ಅಳೆಯುತ್ತಿರಲಿಲ್ಲ. ಹೊನ್ನಮ್ಮ ಎಂಬ ಮುದುಕಿಗೆ ಅಂಗೈ ಅಗಲದ ಗದ್ದೆಯೂ ಇರಲಿಲ್ಲ. ಆಕೆ ಪಾತ್ರೆಯ ತಳದಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ ಕಳಿಸುತ್ತಿದ್ದಳು, ಅದು ಅನ್ನವಾಗಿ ಬರುತ್ತಿತ್ತು. ಹೀಗೆ ಆಕೆ ಎಪ್ಪತ್ತು ದಾಟಿದ್ದಳು.

ಮಾಯಿಲಪ್ಪನ ಮನೆಗೂ ಪಕ್ಕದ ಯಮುನಳ ಮನೆಗೂ ನಡುವೆ ಬೇಲಿ, ಬೇಲಿ ದಾಟಲು ಒಂದು ತಡಮೆ, ತಡಮೆಯ ಬುಡದಲ್ಲಿ ಚಪ್ಪಟೆ ಕಲ್ಲು. ಆ ಕಲ್ಲಿನ ಮೇಲೆ ನೆಗ್ಗಿದ ಹಿತ್ತಾಳೆ ತಪಲೆಯೊಂದು ಹೋಗುತ್ತ ಬರುತ್ತ ಇತ್ತು. ಅದು ಮೂಲದಲ್ಲಿ ಯಾವ ಮನೆಯದೆಂದು ಇಬ್ಬರಿಗೂ ಮರೆತುಹೋಗಿತ್ತು. ಏನೂ ಇಲ್ಲದಿದ್ದರೆ ಬೇಲಿಯ ಒಂದು ಕೆಸುವಿನೆಲೆ ಹಾಕಿ ಇಟ್ಟರೂ ಸಾಕು, ಮರ್ಯಾದೆ ಉಳಿಯುತ್ತಿತ್ತು. ಆದರೆ ಖಾಲಿ ಇಡುವಂತಿಲ್ಲ. ಖಾಲಿ ಪಾತ್ರೆಯೆಂದರೆ, ನಿಮ್ಮ ಒಲೆಯ ಹೊಗೆ ಇನ್ನು ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದ ಹಾಗೆ. ಊರಿನ ಹಿರಿಯ ಪದ್ಮಯ್ಯನ ಅಜ್ಜನ ಕಾಲದಲ್ಲಿ ಒಮ್ಮೆ ಹಾಗಾಗಿತ್ತಂತೆ. ಖಾಲಿ ಪಾತ್ರೆ ಪಡೆದವರು ಆ ವರ್ಷವೇ ಘಟ್ಟ ಇಳಿದು ಹೋದರು.

ಅದು ದೇಶಕ್ಕೆಲ್ಲ ಅಕ್ಕಿ ಕಮ್ಮಿಯಾದ ಕಾಲ. ಸೋಮವಾರ ರಾತ್ರಿ ಊಟ ಬಿಡಿ ಎಂದು ರೇಡಿಯೋ ಹೇಳುತ್ತಿತ್ತು. ಕುಂದಮೊಟ್ಟೆಯಲ್ಲಿ ರೇಡಿಯೋ ಇಲ್ಲದ್ದರಿಂದ ಅಲ್ಲಿ ಸೋಮವಾರವೂ ಉಣ್ಣುತ್ತಿದ್ದರು. ಸುಗ್ಗಿಯ ಹುತ್ತರಿ ಹಬ್ಬ ಕಳೆದು ಕಣ ಬರಿದಾಗಿ, ಮನೆಮನೆಯ ಭತ್ತದ ಪತ್ತಾಯಗಳು ತುಂಬಿದ ಸಮಯದಲ್ಲಿ ಒಂದು ಜೀಪು ಗುಡ್ಡ ಹತ್ತಿ ಬಂದು ಮಾಯಿಲಪ್ಪನ ಅಂಗಳದಲ್ಲಿ ಕೆಮ್ಮಿ ನಿಂತಿತು. ಅದರಿಂದ ಪ್ಯಾಂಟು ಇಳಿಯಿತು. ಪ್ಯಾಂಟಿನೊಳಗೆ ಫುಡ್ ಇನ್‌ಸ್ಪೆಕ್ಟರ್ ದೇವರಾಜು ಇದ್ದ.

ಮಾಯಿಲಪ್ಪ ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿದ, ಮತ್ತೆ ಒರೆಸಿದ. "ಬನ್ನಿ ಸಾರ್, ಕೂತ್ಕಣಿ."

ದೇವರಾಜು ಕೂತ. ಕುರ್ಚಿ ಕುಳ್ಳು ಕಾಲಿನ ಕಡೆ ಒಮ್ಮೆ ವಾಲಿ ಅವನನ್ನು ಒಪ್ಪಿಕೊಂಡಿತು. ಅವನು ಕುಶಾಲನಗರದ ಕಡೆಯವನು. ತಾತ ಹಾಸನದಿಂದ ಬಂದು ಅಲ್ಲಿ ಹೊಲ ಮಾಡಿದ್ದ. ರಾಗಿ ಉಂಡು ಬೆಳೆದ ಹುಡುಗನಿಗೆ ಸರ್ಕಾರ ಗೋಧಿ ಹಂಚುವ ಕೆಲಸ ಕೊಟ್ಟಿತ್ತು. ಪೊನ್ನಮ್ಮ ತಂದಿಟ್ಟ ಕಡುಬು, ಏಡಿ ಸಾರು ಕಂಡದ್ದೇ ಅವನು ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡ.

"ಏನೇಳ್ಲಿ ಯಜಮಾನ್ರೆ," ಎಂದ ತಿನ್ನುತ್ತಲೇ. "ಅಮೆರಿಕದಿಂದ ಗೋಧಿ ಬಂದೈತೆ. ಅಕ್ಕಿ ಬಿಟ್ಟು ಇದುನ್ನ ತಿನ್ನಿ ಅಂತ ಊರೂರು ತಿರುಗ್ತಾ ಇವ್ನಿ. ಒಂದೂರಲ್ಲಿ ನಾಯಿ ಬಿಟ್ರು. ಇನ್ನೊಂದ್ಕಡೆ ಹೆಂಗಸ್ರು, ಇದು ಕುದ್ರೆಗೆ ಇಡೋದು, ಕುದ್ರೆ ಎಲ್ಲಿ ಅಂದ್ರು. ಈ ತಿಂಗ್ಳೊಳ್ಗೆ ಒಂದೂರಾದ್ರೂ ಗೋಧಿ ತಿನ್ನದಿದ್ರೆ ನನ್ನ ಬೀದರಿಗೆ ಎತ್ತಾಕ್ತಾರೆ. ಮನೇಲಿ ಹೆಂಡ್ತಿ ಬಸ್ರಿ."

ಮಾಯಿಲಪ್ಪ ಹುಟ್ಟಿದಾರಭ್ಯ ಗೋಧಿ ಕಂಡವನಲ್ಲ. ಆದರೆ ವರ್ಷಗಟ್ಟಲೆ ಕಾದ ಪ್ಯಾಂಟು ತನ್ನದೇ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುವಾಗ ಅವನ ಬಾಯಿ ತಾನಾಗಿ ತೆರೆದುಕೊಂಡಿತು.

"ಗೋಧಿಯಾ ಸಾರ್? ನಮ್ಗೆ ಅದ್ ಹೊಸತಲ್ಲ. ವಾರಕ್ಕೆ ಒಂದ್ಸಲ ಆದ್ರೂ ಬೇಕೇ ಬೇಕು."

ಬಾಗಿಲ ಹಿಂದೆ ಪೊನ್ನಮ್ಮನ ಕೈಯಿಂದ ಸೌಟು ಬಿತ್ತು.

ದೇವರಾಜು ಎದ್ದು ಜೀಪಿನಿಂದ ನೀಲಿ ಅಕ್ಷರದ ಗೋಣಿಚೀಲ ಇಳಿಸಿದ. "ಇದು ನಿಮ್ಗೆ, ಸರ್ಕಾರದ ಕಡೆಯಿಂದ. ಚೀಲ ಮಾತ್ರ ವಾಪಸ್ ಕೊಡ್ಬೇಕು ಯಜಮಾನ್ರೆ. ಗೋಧಿ ಹೋದ್ರೆ ಮೇಲಿನವ್ರು ಕೇಳಕಿಲ್ಲ. ಚೀಲ ಹೋದ್ರೆ ನನ್ನ ಚರ್ಮ ಸುಲೀತಾರೆ."

ಮುಂದಿನ ವಾರವಿಡೀ ಪೊನ್ನಮ್ಮ ಗೋಧಿಯೊಡನೆ ಯುದ್ಧ ಮಾಡಿದಳು. ಅನ್ನದ ಹಾಗೆ ಬೇಯಿಸಿದರೆ ಅದು ಬೇಯಲಿಲ್ಲ, ಉಬ್ಬಿತು. ಒರಳಿಗೆ ಹಾಕಿ ಕುಟ್ಟಿದರೆ ಸಿಡಿಯಿತು. ಕೊನೆಗೆ ತರಿ ಮಾಡಿ ಕಡುಬು ಕಟ್ಟಿದಳು. ಅದನ್ನು ಮುರಿಯಲು ಮಾಯಿಲಪ್ಪ ಮಂಡಿಯ ಸಹಾಯ ಪಡೆದ. ಕಟ್ಟುಪಾಡಿನಂತೆ ನಾಲ್ಕು ಕಡುಬು ತಪಲೆಯಲ್ಲಿ ತಡಮೆಯ ಕಲ್ಲಿಗೆ ಹೋದವು. ಯಮುನ ಅದನ್ನು ತಿಂದಳೋ, ಎಸೆದು ಕೋತಿ ಓಡಿಸಿದಳೋ ತಿಳಿಯದು. ತಪಲೆಯಲ್ಲಿ ಒಣಮೀನು ಬಂತು, ಜೊತೆಗೆ ಬೇಲಿಯಾಚೆಯಿಂದ ಮಾತೂ ಬಂತು.

"ಪೊನ್ನಕ್ಕಾ, ಕಡುಬು ಲಾಯಿಕ್ ಉಟ್ಟು. ಇನ್ನೊಂದೆರಡು ಕೊಟ್ಟರೆ ಮೆಟ್ಟಿಲು ಕಟ್ಟುಸಿವೆ."

ಇಷ್ಟಕ್ಕೆ ನಿಂತಿದ್ದರೆ ಅದು ಒಂದು ಮನೆಯ ಹೊಟ್ಟೆನೋವಾಗಿ ಮುಗಿಯುತ್ತಿತ್ತು. ಆದರೆ ಚೀಲ ಮರಳಿಸಬೇಕಿತ್ತು. ಮಾಯಿಲಪ್ಪ ಅದನ್ನು ಕೊಡವಿ, ಮಡಚಿ, ಕೈಯಲ್ಲಿ ಹಿಡಿದು ನಿಂತವನಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಖಾಲಿ! ಅವನು ಪದ್ಮಯ್ಯನ ಮನೆಗೆ ಓಡಿದ. ಸಂಜೆಯೊಳಗೆ ಊರೆಲ್ಲ ಪದ್ಮಯ್ಯನ ಅಂಗಳದಲ್ಲಿ ಸೇರಿತು. ಚೀಲವನ್ನು ಚಾಪೆಯ ಮೇಲೆ ಇಟ್ಟರು.

"ಅದರಲ್ಲಿ ತಿಂಬ ವಸ್ತು ಬಂದುಟ್ಟೊ ಇಲ್ಲೆಯೊ?" ಪದ್ಮಯ್ಯ ಕಣ್ಣು ಮುಚ್ಚಿ ಕೇಳಿದ.

"ಬಂದುಟ್ಟು," ಎಂದ ಮಾಯಿಲಪ್ಪ.

"ಅದ್ ತಿಂಬ ವಸ್ತು ತೇಳಿಕೆ ಸಾಕ್ಷಿ ಬೇಕು," ಎಂದಳು ಯಮುನ.

"ಹಂಗಾರೆ ಅದ್ ಪಾತ್ರೆ," ಪದ್ಮಯ್ಯ ತೀರ್ಪು ಕೊಟ್ಟ. "ಪಾತ್ರೆ ಆದರೆ ಖಾಲಿ ಹೋಕಾಗ."

"ಸರ್ಕಾರ ಏನ್ ನಮ್ಮ ನೆರೆಮನೆಯಾ ದೊಡ್ಡಪ್ಪ? ಅದ್ಕೆ ಒಲೆ ಉಟ್ಟಾ? ಅದರ ಹೊಗೆ ಯಾರಾರ್ ನೋಡಿಯೊಳರಾ?" ಯಮುನ ಬಿಡಲಿಲ್ಲ.

ಪದ್ಮಯ್ಯ ಎದ್ದು ಅಂಗಳದ ಅಂಚಿಗೆ ಹೋದ. ಮಡಿಕೇರಿಯ ದಿಕ್ಕಿಗೆ ನೋಡಿದ. "ದೂರ ಉಟ್ಟಲ್ಲ," ಎಂದ. "ಕಾಂಬ್ದಿಲ್ಲೆ. ಒಂದು ಮುಷ್ಟಿ ಅಕ್ಕಿ ಹಾಕಿ ಕೊಡು ಮಾಯಿಲಪ್ಪ. ಮರ್ಯಾದೆ ಆತ್."

ಎಲ್ಲರೂ ಎದ್ದರು. ತೀರ್ಪು ಸರಿಯಾಗಿಯೇ ಇತ್ತು. ಒಂದು ಮುಷ್ಟಿ ಅಕ್ಕಿಯಿಂದ ಯಾವ ಊರೂ ಹಾಳಾಗಿಲ್ಲ. ಆದರೆ ಮಾಯಿಲಪ್ಪ ಮನೆಗೆ ಬಂದು ಕುರ್ಚಿ ನೋಡಿದ. ಇಷ್ಟು ದೊಡ್ಡ ಚೀಲದ ತಳದಲ್ಲಿ ಒಂದು ಮುಷ್ಟಿ ಅಕ್ಕಿ ಸದ್ದು ಮಾಡುವುದನ್ನು ಕಲ್ಪಿಸಿಕೊಂಡ. ಪ್ಯಾಂಟು ಹಾಕಿದ ಮನುಷ್ಯನ ಮುಂದೆ! ಅವನು ಪತ್ತಾಯ ತೆರೆದು, ಹಬ್ಬಕ್ಕೆಂದು ಕುಟ್ಟಿಸಿಟ್ಟ ಪರಿಮಳದ ಜೀರಿಗೆ ಅಕ್ಕಿಯನ್ನು ಚೀಲದ ಬಾಯಿಯವರೆಗೆ ತುಂಬಿ, ಮೇಲೆ ಇನ್ನೆರಡು ಮೊರ ಸುರಿದು, ಚೀಲ ಹೊಲಿದ.

ಖಾಲಿ ಚೀಲ ಒಯ್ಯಲು ಬಂದ ದೇವರಾಜು ಅದನ್ನು ಒಂದೇ ಕೈಯಲ್ಲಿ ಎತ್ತಲು ಹೋಗಿ ಅಂಗಳದಲ್ಲಿ ಕುಕ್ಕರಿಸಿದ.

"ಇದೇನ್ರೀ ಯಜಮಾನ್ರೆ!"

"ಪಾತ್ರೆ ಸಾರ್," ಎಂದ ಮಾಯಿಲಪ್ಪ ವಿನಯದಿಂದ.

ದೇವರಾಜುವಿಗೆ ಅರ್ಥವಾಗಲಿಲ್ಲ. ಆದರೆ ಹೊಲಿಗೆಯ ಸಂದಿನಿಂದ ಪರಿಮಳ ಬರುತ್ತಿತ್ತು, ಬೀದರು ದೂರ ಸರಿಯುತ್ತಿತ್ತು. ಅವನು ಕೇಳಲಿಲ್ಲ.

ಮಡಿಕೇರಿಯ ಕಚೇರಿಯಲ್ಲಿ ಅವನು, "ಗೋಧಿ ತಗಂಡು ಅಕ್ಕಿ ಕೊಟ್ಟವ್ರೆ ಸಾರ್, ಕೇಳ್ದೇನೇ," ಎಂದಾಗ ಸಾಹೇಬರು ಕುರ್ಚಿಯಿಂದ ಎದ್ದು ನಿಂತರಂತೆ. ಅವರ ಎರಡು ಕಷ್ಟಗಳಲ್ಲಿ ಒಂದು, ಜನ ಗೋಧಿ ತಿನ್ನುವುದಿಲ್ಲ. ಎರಡು, ಜನ ಅಕ್ಕಿ ಕೊಡುವುದಿಲ್ಲ. ಒಂದು ಗುಡ್ಡದ ಮೇಲೆ ಏಳು ಮನೆ ಎರಡನ್ನೂ ಒಂದೇ ಚೀಲದಲ್ಲಿ ಬಗೆಹರಿಸಿದ್ದವು. ಸಾಹೇಬರು ಟೆಲಿಫೋನು ತಿರುಗಿಸಿದರು. ಕುಂದಮೊಟ್ಟೆಯವರು ಗೋಧಿ ಇಷ್ಟಪಡುತ್ತಾರೆ ಎಂದು ಮಡಿಕೇರಿಯಿಂದ ಹೊರಟ ಸುದ್ದಿ ಮೈಸೂರು ಮುಟ್ಟುವಾಗ ಅವರು ಅಕ್ಕಿಯನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದಾಯಿತು. ಬೆಂಗಳೂರು ಮುಟ್ಟುವಾಗ, ಅಕ್ಕಿ ತಿಂದರೆ ಅವರಿಗೆ ಮೈಗೆ ಆಗುವುದಿಲ್ಲ ಎಂದಾಯಿತು. ಬೆಂಗಳೂರಿಗಿಂತ ಮುಂದೆ ತಂತಿ ಇದ್ದಿದ್ದರೆ ಅವರು ಅನ್ನ ಕಂಡರೆ ಓಡುತ್ತಾರೆ ಎಂದೂ ಆಗುತ್ತಿತ್ತು.

ಮುಂದಿನ ಸಲ ಜೀಪಿನ ಹಿಂದೆ ಟ್ರೇಲರ್ ಬಂತು. ಮನೆಗೊಂದು ಚೀಲ ಗೋಧಿ, ಹೊನ್ನಮ್ಮನ ಗುಡಿಸಲಿಗೂ ಒಂದು. ಚೀಲ ವಾಪಸ್ ಕೊಡಬೇಕು ಎಂಬ ಮಾತು ಎಲ್ಲರಿಗೂ ಅನ್ವಯಿಸಿತು. ಆಗಲೂ ಮುಷ್ಟಿ ಅಕ್ಕಿಗೆ ಮುಗಿಸಬಹುದಿತ್ತು. ಆದರೆ ಮಾಯಿಲಪ್ಪ ಬಾಯಿಯವರೆಗೆ ತುಂಬಿಸಿದ್ದು ಊರಿಗೆಲ್ಲ ಗೊತ್ತಿತ್ತು. ಅವನಿಗಿಂತ ಕಮ್ಮಿ ಹಾಕಿ ತಾನು ಕಿರಿದಾಗಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರೂ ತುಂಬಿಸಿದರು. ಹೊನ್ನಮ್ಮ ಚೀಲದ ತಳದಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ ಕೊಟ್ಟಳು. ಕಚೇರಿಯಲ್ಲಿ ಆ ಉಪ್ಪಿನ ಬಗ್ಗೆ ವಿಚಾರಣೆ ನಡೆಯಿತು. ಹುಳು ಹಿಡಿಯದಂತೆ ಹಳ್ಳಿಗರು ಮಾಡಿದ ಏರ್ಪಾಡು ಎಂದು ಸಾಹೇಬರು ಮೆಚ್ಚಿಕೊಂಡರು.

ಮೂರನೆಯ ಸಲ ಬಂದದ್ದು ಲಾರಿ.

"ಇದೆಂಥ ನೆಂಟ ಮಾರಾಯ?" ಯಮುನ ಸೊಂಟಕ್ಕೆ ಕೈಯಿಟ್ಟು ನಿಂತಳು. "ಬಂದಗೆಲ್ಲಾ ಅದ್ನೇ ತರ್ದು. ಒಂದು ಸಲ ಆದ್ರೂ ಸಕ್ಕರೆ, ಒಂದು ಸಲ ಸೀಮೆಣ್ಣೆ ತರಿಕೆ ಆದ್‌ಲೆ ಅವ್ಕೆ?"

"ತಾಳು," ಎಂದ ಪದ್ಮಯ್ಯ. "ದೊಡ್ಡ ಮನೆ ಅದ್. ಅವರ ಅಡಿಗೆ ಬೇಯಿಕೆ ಹೊತ್ತಾದೆ."

ಮಾಯಿಲಪ್ಪನ ಜಗಲಿಗೆ ಈಗ ನೆಂಟರು ಬರತೊಡಗಿದರು. ಪೊನ್ನಮ್ಮನ ಅಣ್ಣ ಪೊನ್ನಪ್ಪ ಚೆಟ್ಟಳ್ಳಿಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಹತ್ತು ವರ್ಷದಿಂದ ಈ ಗುಡ್ಡ ಹತ್ತದವನು ಕೋಟು ಹಾಕಿ ಬಂದ.

"ಭಾವ, ಸಾಹೇಬ್ರಿಗೆ ನೀವು ಬಾರೀ ಬೇಕಾದವು ತೇಳಿ ಕೇಳ್ದೆ. ಡಿಪೋದಲ್ಲಿ ನಂಗೊಂದು ಕೆಲ್ಸಕ್ಕೆ ಒಂದು ಮಾತು ಹೇಳಿ."

"ಹೇಳೋಣ, ಹೇಳೋಣ," ಎಂದ ಮಾಯಿಲಪ್ಪ, ಸಾಹೇಬರ ಮುಖ ಇನ್ನೂ ನೋಡದವನು. ಪೊನ್ನಮ್ಮ ಅಣ್ಣನಿಗೆ ಗೋಧಿ ಕಡುಬು ಬಡಿಸಿದಳು. ಪೊನ್ನಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು, ನುಂಗಲೂ ಆಗದೆ ಉಗಿಯಲೂ ಆಗದೆ, ಕೆನ್ನೆಯಲ್ಲಿ ಇಟ್ಟುಕೊಂಡೇ ಗುಡ್ಡ ಇಳಿದ.

ಗದ್ದೆಯ ಕೂಳೆ ಒಣಗಿ, ಕಾಡಿನ ಮಾವು ಉದುರುವ ಹೊತ್ತಿಗೆ ಊರಿನ ಪತ್ತಾಯಗಳಲ್ಲಿ ಇಲಿಗಳು ಮಾತ್ರ ಇದ್ದವು, ಅವೂ ಬೇಸರದಲ್ಲಿದ್ದವು. ತಪಲೆ ಇನ್ನೂ ತಡಮೆಯ ಕಲ್ಲಿನ ಮೇಲೆ ಬಂದುಹೋಗುತ್ತಿತ್ತು. ಆದರೆ ಗೋಧಿ ಗಂಜಿ ಹೊತ್ತು ಹೋದದ್ದು ಗೋಧಿ ಗಂಜಿ ಹೊತ್ತು ಬರುತ್ತಿತ್ತು. ಒಂದೇ ಗಂಜಿ ಎರಡು ಮನೆಯ ನಡುವೆ ಓಡಾಡುತ್ತಿದೆಯೇ ಎಂಬ ಅನುಮಾನ ಪೊನ್ನಮ್ಮನಿಗೆ ಬಂತು. ಒಮ್ಮೆ ಗುರುತಿಗೆ ಒಂದು ಕರಿಬೇವಿನೆಲೆ ಹಾಕಿ ನೋಡಿದಳು. ಅದು ತಿರುಗಿ ಬಂತು.

ಒಂದು ಬೆಳಿಗ್ಗೆ ಮತ್ತೆ ಲಾರಿ ಬಂತು. ದೇವರಾಜು ಇಳಿದು, ಚೀಲಗಳ ಕಟ್ಟನ್ನು ಅಂಗಳಕ್ಕೆ ಎಸೆದ. ಕಟ್ಟು ಹಗುರವಾಗಿ ಬಿತ್ತು, ಸದ್ದೇ ಆಗಲಿಲ್ಲ.

"ಗೋಧಿ ಹಡಗು ಇನ್ನೂ ಬಂದಿಲ್ವಂತೆ," ಎಂದ ಅವನು ನೆಲ ನೋಡುತ್ತ. "ಹಿಂದಿಂದ ಬತ್ತದೆ. ಚೀಲ ಮುಂಚೆನೇ ಕಳ್ಸವ್ರೆ."

ಲಾರಿ ಹೋದ ಮೇಲೂ ಯಾರೂ ಚೀಲ ಮುಟ್ಟಲಿಲ್ಲ. ಊರೆಲ್ಲ ಸುತ್ತ ನಿಂತಿತ್ತು. ಹೊನ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಖಾಲಿ ಬಂದುಟ್ಟು," ಎಂದ ಪದ್ಮಯ್ಯ. ಅವನ ಸ್ವರ ಅಜ್ಜನ ಸ್ವರದಂತಿತ್ತು. "ಸರ್ಕಾರ ಖಾಲಿ ಪಾತ್ರೆ ಕಳ್ಸಿಯೊಳೊ."

"ನಾವು ಎಂಥ ಮಾಡಿಯೊಳೊ ಅವ್ಕೆ?" ಗುಂಪಿನಲ್ಲಿ ಯಾರೋ ಕೇಳಿದರು.

"ಗೊತ್ಲೆ. ಎಂಥದೋ ತಪ್ಪಾಗ್ಯುಟ್ಟು. ಮಾಯಿಲಪ್ಪ, ನಿಂಗೆ ಅವರ ಪರಿಚಯ. ಹೋಗಿ ಕೇಳು. ಕಾಲು ಹಿಡಿ ಬೇಕಾರೆ."

ಯಮುನ ಮಾತ್ರ ಮಾಯಿಲಪ್ಪನ ಮುಖವನ್ನೇ ನೋಡಿದಳು. "ಮುಷ್ಟಿ ಅಕ್ಕಿ ಹಾಕು ತೇಳಿ ದೊಡ್ಡಪ್ಪ ಅಂದೇ ಹೇಳ್ತ್," ಎಂದಳು ಮೆಲ್ಲಗೆ. ಜೋರಾಗಿ ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮಾಯಿಲಪ್ಪ ಮದುವೆಯ ಅಂಗಿ ಹಾಕಿ ಮಡಿಕೇರಿಗೆ ಹೋದ. ಕಚೇರಿಯ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತ. ಅಲ್ಲಿ ಬಂದವರಿಗೆ ಕೂರಲು ಕುರ್ಚಿಯಿರಲಿಲ್ಲ ಎಂಬುದನ್ನು ಅವನು ಗಮನಿಸಿದ. ಒಳಗೆ ಕರೆದಾಗ ಸಾಹೇಬರ ಮೇಜಿನ ಅಂಚು ಹಿಡಿದು ನಿಂತ.

"ಬುದ್ಧಿ, ನಮ್ಮಿಂದ ಎಂಥ ತಪ್ಪಾಯ್ತು?"

ಸಾಹೇಬರು ಕನ್ನಡಕ ತೆಗೆದರು. ಅವರ ಸರ್ವಿಸಿನಲ್ಲಿ ರೈತನೊಬ್ಬ ಬಂದು ಇಂಥ ಪ್ರಶ್ನೆ ಕೇಳಿದ್ದು ಇದೇ ಮೊದಲು. ಉಳಿದವರೆಲ್ಲ ಸರ್ಕಾರದಿಂದ ಏನು ತಪ್ಪಾಯಿತೆಂದು ಹೇಳಲು ಬರುತ್ತಿದ್ದರು.

"ತಪ್ಪೇ? ಛೆ, ಛೆ. ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ಹೋದ ಸಲ ಸ್ವಲ್ಪ ಕಮ್ಮಿಯಾಯಿತು, ಅಷ್ಟೇ."

"ಕಮ್ಮಿ ಆಯ್ತಾ?"

"ಸ್ವಲ್ಪ. ಬೆಂಗಳೂರಿಗೆ ನಾನು ಜಾಸ್ತಿ ಹೇಳಿಬಿಟ್ಟಿದ್ದೇನೆ ನೋಡಿ. ಈ ಸಲ ಚೀಲ ತುಂಬಿ ಬಂದರೆ ನಮ್ಮಿಬ್ಬರ ಮಾನ ಉಳಿಯುತ್ತದೆ."

'ನಮ್ಮಿಬ್ಬರ' ಎಂಬ ಮಾತು ಮಾಯಿಲಪ್ಪನ ಕಿವಿಯಲ್ಲಿ ಜೇನಿನಂತೆ ಇಳಿಯಿತು. ಸಾಹೇಬರಿಗೂ ಅವನಿಗೂ ಒಂದೇ ಮಾನ! ಅವನು ಭಾಗಮಂಡಲದವರೆಗೆ ಬಸ್ಸಿನಲ್ಲಿ ನಿಂತೇ ಬಂದ. ಸೀಟು ಖಾಲಿಯಿತ್ತು, ಅವನಿಗೆ ಅದು ಕಾಣಲಿಲ್ಲ.

ಊರಿನಲ್ಲಿ ಉಳಿದಿದ್ದದ್ದು ಬಿತ್ತನೆಯ ಭತ್ತ ಮಾತ್ರ. ಪ್ರತಿ ಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ, ಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳು. ತಣ್ಣೀರಿನ ಗದ್ದೆಗೆ ಹೊಂದುವ, ಗಾಳಿಗೆ ಮಲಗದ, ಆ ಗುಡ್ಡದ ಜೀರಿಗೆ ಭತ್ತ. ಒಂದು ಮನೆಯ ಬೀಜ ಕೆಟ್ಟರೆ ಇನ್ನೊಂದು ಮನೆಯದು ಪಾತ್ರೆಯಲ್ಲಿ ಬರುತ್ತಿದ್ದರಿಂದ ಏಳು ಮನೆಗೂ ಅದು ಒಂದೇ ಬೀಜ. ಮುಡಿ ಕಟ್ಟುವುದು ಹೆಂಗಸರ ಕೆಲಸ, ಬಿಚ್ಚುವುದೂ ಅವರದೇ.

"ಸರ್ಕಾರದ ಮುನಿಸು ತೀರ್ದರೆ ದುಪ್ಪಟ್ಟು ಬಾದು," ಎಂದು ಮಾಯಿಲಪ್ಪ ಮನೆಮನೆಗೂ ಹೇಳಿದ. "ಸಾಹೇಬ್ರು ಬಾಯಾರೆ ಹೇಳಿಯೊಳೊ." ಸಾಹೇಬರು ಅದನ್ನು ಹೇಳಿರಲಿಲ್ಲ. ಆದರೆ ಇಷ್ಟು ದೊಡ್ಡ ಮನೆಯವರು ಕಟ್ಟುಪಾಡು ಬಿಟ್ಟು ನಡೆಯುತ್ತಾರೆಂದು ಅವನಿಗೆ ಅನ್ನಿಸಲೇ ಇಲ್ಲ. ಜನ ಹೆದರಿದ್ದರು. ಪದ್ಮಯ್ಯನ ಅಜ್ಜನ ಕಾಲದ ಆ ಮನೆಯವರು ನೆನಪಾಗಿದ್ದರು. ಒಬ್ಬೊಬ್ಬರಾಗಿ ಮುಡಿ ಇಳಿಸಿದರು.

ಪೊನ್ನಮ್ಮ ಇಳಿಸಲಿಲ್ಲ. ಏಣಿಯ ಬುಡದಲ್ಲಿ ಕೂತಳು.

"ಏಳು."

"ಏಳ್ದಿಲ್ಲೆ. ಅದ್ ನನ್ನ ಅತ್ತೆಯ ಅತ್ತೆ ಕಟ್ಟಿದ ಬೀಜ. ನಿಮ್ಮ ಕುರ್ಚಿ ಕೊಡಿ ಅವ್ಕೆ."

ಮಾಯಿಲಪ್ಪ ಅವಳನ್ನು ದಾಟಿ ಏಣಿ ಹತ್ತಿದ. ಮುಡಿಯ ಗಂಟು ಬಿಚ್ಚಲು ಅವನಿಗೆ ಗೊತ್ತಿರಲಿಲ್ಲ. ಕತ್ತಿಯಿಂದ ಕಡಿದ.

ಚೀಲ ಒಯ್ಯಲು ಬಂದ ದೇವರಾಜು ಈ ಸಲ ಕುರ್ಚಿಯಲ್ಲಿ ಕೂತೇ ಒಂದು ಚೀಲವನ್ನು ಹತ್ತಿರ ಎಳೆದು, ಬಾಯಿ ಬಿಡಿಸಿ ಕೈ ಹಾಕಿದ. ಬೆರಳ ನಡುವೆ ಭತ್ತ ಉಜ್ಜಿದ, ಮೂಸಿದ. ಹೊಗೆಯ ವಾಸನೆ. ಅವನು ಎಷ್ಟಾದರೂ ಹೊಲದವರ ಮನೆಯ ಮಗ.

"ಯಜಮಾನ್ರೆ," ಎಂದ ದನಿ ತಗ್ಗಿಸಿ. "ಇದು ಬಿತ್ತನೆ ಭತ್ತ ಅಲ್ವೇನ್ರೀ? ಮಳೆ ಹತ್ರ ಬಂತು. ಬ್ಯಾಡ ಕಣ್ರೀ. ಇಲ್ಲ ಅಂದ್ಬುಡಿ. ನಾನು ಏನಾರ ಒಂದೇಳ್ಕಂತೀನಿ. ಬೀದರಾದ್ರೆ ಬೀದರು, ಅಲ್ಲೂ ಜನ ಅವ್ರೆ."

ಬೇಲಿಯಾಚೆ ಯಮುನ ತಡಮೆ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ಪೊನ್ನಮ್ಮ ನಿಂತಿದ್ದಳು. ಒಂದೇ ಒಂದು ಮಾತು ಸಾಕಿತ್ತು. ಈ ಲೋಕದಲ್ಲಿ ಪ್ಯಾಂಟು ಹಾಕಿದವನು ತಾನಾಗಿ, ಇಲ್ಲ ಅನ್ನಿ ಎಂದು ಬೇಡಿಕೊಳ್ಳುವ ಗಳಿಗೆ ಒಬ್ಬ ಮನುಷ್ಯನ ಪಾಲಿಗೆ ಮತ್ತೆ ಬರುವುದಿಲ್ಲ. ಮಾಯಿಲಪ್ಪ ಬಾಯಿ ತೆರೆದ. ದೇವರಾಜು ಕುರ್ಚಿಯಲ್ಲಿ ಕೂತಿದ್ದ.

"ಎಂಥ ಸಾರ್ ನೀವು," ಎಂದು ಮಾಯಿಲಪ್ಪ ನಕ್ಕ. "ನಮ್ಮಲ್ಲಿ ಬೇಕಾದಷ್ಟು ಉಂಟು."

ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಕೈ ಬೀಸುತ್ತಿದ್ದ.

ಗೋಧಿಯ ಹಡಗು ಎಲ್ಲಿ ನಿಂತಿತೋ ತಿಳಿಯದು. ಮಳೆ ಬಂತು. ಡಿಪೋದಿಂದ ಬಿತ್ತನೆಗೆಂದು ಹೊಸ ಜಾತಿಯ ಭತ್ತ ಬಂತು, ಜೊತೆಗೆ ಬಿಳಿ ಗೊಬ್ಬರ. ಬಯಲುಸೀಮೆಯ ಕಾಲುವೆಯ ಕೆಳಗೆ ಅದು ಬಂಗಾರದಂತೆ ಬೆಳೆಯುತ್ತದೆಂದು ದೇವರಾಜುವಿನ ಜಾಗಕ್ಕೆ ಬಂದ ಹೊಸಬ ಹೇಳಿದ. ದೇವರಾಜುವಿಗೆ ಪ್ರಮೋಷನ್ ಆಗಿ ಬೀದರಿಗೆ ಹಾಕಿದ್ದರು. ಕುಂದಮೊಟ್ಟೆಯ ತಣ್ಣೀರಿನಲ್ಲಿ ಸಸಿ ಮೊಣಕೈ ಉದ್ದಕ್ಕೆ ಬಂದು, ಹಳದಿಯ ಬಣ್ಣಕ್ಕೆ ತಿರುಗಿ, ಮುಂದೇನು ಎಂದು ಕೇಳುವ ಹಾಗೆ ನಿಂತುಬಿಟ್ಟಿತು.

ಜಡಿಮಳೆಯ ಆ ಕಕ್ಕಡ ತಿಂಗಳಲ್ಲೇ ಮಾಯಿಲಪ್ಪನಿಗೆ ಮಡಿಕೇರಿಯಲ್ಲಿ ಸನ್ಮಾನ. ಸಭಾಂಗಣದ ತುಂಬ ಛತ್ರಿ. ಸಾಹೇಬರು ಮೈಕಿನ ಮುಂದೆ, "ಅಕ್ಕಿಯನ್ನು ಸ್ವಸಂತೋಷದಿಂದ ತ್ಯಜಿಸಿದ ಗ್ರಾಮ" ಎಂದು ವರ್ಣಿಸಿದರು. ಅಂಥ ಗ್ರಾಮಕ್ಕೆ ಇನ್ನು ಅಕ್ಕಿಯ ಅಗತ್ಯವಿಲ್ಲದ್ದರಿಂದ, ಭಾಗಮಂಡಲದ ಡಿಪೋದಲ್ಲಿ ಅವರ ಪಾಲಿನ ಅಕ್ಕಿಯನ್ನು ಹೆಚ್ಚು ಕಷ್ಟದಲ್ಲಿರುವ ಊರುಗಳಿಗೆ ಕೊಡಲಾಗುವುದು ಎಂದರು. ಚಪ್ಪಾಳೆ ಬಿತ್ತು. ಡಿಪೋದಲ್ಲಿ ತಮಗೊಂದು ಪಾಲು ಇತ್ತೆಂಬುದೇ ಮಾಯಿಲಪ್ಪನಿಗೆ ಗೊತ್ತಿರಲಿಲ್ಲ. ಇತ್ತೆಂದು ತಿಳಿದದ್ದೂ ಇನ್ನಿಲ್ಲವೆಂದು ತಿಳಿದದ್ದೂ ಒಂದೇ ವಾಕ್ಯದಲ್ಲಿ. ಅವನೂ ಚಪ್ಪಾಳೆ ತಟ್ಟಿದ. ಆಮೇಲೆ ಬಹುಮಾನ ಕೊಟ್ಟರು: ಥಳಥಳ ಹೊಳೆಯುವ ದೊಡ್ಡ ಸ್ಟೀಲಿನ ಪಾತ್ರೆ. ಮುಚ್ಚಳವೂ ಇತ್ತು.

ಮಾಯಿಲಪ್ಪ ವೇದಿಕೆಯ ಮೇಲೆಯೇ ಮುಚ್ಚಳ ತೆಗೆದು ಒಳಗೆ ನೋಡಿದ. ಫೋಟೋದಲ್ಲಿ ಅವನು ಹಾಗೆಯೇ ಬಿದ್ದಿದ್ದಾನೆ, ತಲೆ ಪಾತ್ರೆಯೊಳಗೆ.

ಭಾಗಮಂಡಲದಿಂದ ಗುಡ್ಡ ಹತ್ತುವಾಗ ಎದುರಿಗೆ ಅವನ ಭಾವ ಪೊನ್ನಪ್ಪ ಇಳಿದು ಬರುತ್ತಿದ್ದ. ಅವನ ಹಿಂದೆ, ಒಂದು ಗಂಟು ಹಿಡಿದು, ಹೊನ್ನಮ್ಮ.

"ಎಲ್ಲಿಗೆ ಹೊನ್ನಕ್ಕಾ?"

"ಚೆಟ್ಟಳ್ಳಿಗೆ ಮಗ. ಕೂಲಿಯವರ ಲೈನಿಲಿ ಕೂಸುಗಳ ನೋಡಿಕಣಿಕೆ ಒಬ್ಳು ಮುದ್ಕಿ ಬೇಕಡ. ನನ್ನ ಉಪ್ಪಿಗೆ ಈಗ ಏನೂ ಬಾದಿಲ್ಲೆ." ಆಕೆಯ ಕಣ್ಣು ಅವನ ಕಂಕುಳಿನ ಪಾತ್ರೆಯ ಮೇಲೆ ಬಿತ್ತು. "ಯಾರ ಮನೇದ್ ಅದ್?"

"ಸರ್ಕಾರದ್ದು."

"ಒಳಗೆ ಎಂಥ ಉಟ್ಟು?"

"ಎಂಥ ಇಲ್ಲೆ."

ಹೊನ್ನಮ್ಮ ದಾರಿ ಬಿಟ್ಟು ಪೊದೆಯ ಕಡೆ ಸರಿದಳು, ಸೂತಕದವರು ಎದುರು ಬಂದಂತೆ. ಪೊನ್ನಪ್ಪ ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದ.

ಊರಿನಲ್ಲಿ ಅವನು ದಾಟಿದ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಪದ್ಮಯ್ಯನೊಬ್ಬ ಜಗಲಿಯಲ್ಲಿ ಕೂತಿದ್ದ. ಪಾತ್ರೆ ನೋಡಿ, ಎದ್ದು, ಒಳಗೆ ಹೋದ. ಮನೆಯ ಬಾಗಿಲಲ್ಲಿ ಪೊನ್ನಮ್ಮ ನಿಂತಿದ್ದಳು. ಬೆಳಿಗ್ಗೆ ಅವಳು ಕೊನೆಯ ಗೋಧಿ ಗಂಜಿಯಲ್ಲಿ ಅರ್ಧ ತಪಲೆಗೆ ಹಾಕಿ ತಡಮೆಯ ಕಲ್ಲಿನ ಮೇಲೆ ಇಟ್ಟಿದ್ದಳು. ಗಲ್ಲದಿಂದ ಆ ಕಡೆ ತೋರಿಸಿದಳು.

ತಪಲೆ ಮರಳಿ ಬಂದಿತ್ತು. ಮಳೆನೀರು ಬೀಳದಂತೆ ಕವುಚಿ ಇಟ್ಟಿದ್ದರು. ಬೇಲಿಯುದ್ದಕ್ಕೂ ಕೆಸುವಿನೆಲೆಗಳು ಛತ್ರಿಯಂತೆ ಅರಳಿ ನಿಂತಿದ್ದವು. ಕೈ ಚಾಚಿದರೆ ಸಾಕು, ಒಂದಲ್ಲ ಹತ್ತು ಸಿಗುತ್ತಿತ್ತು.

ಮಾಯಿಲಪ್ಪ ತಪಲೆಯನ್ನು ಎತ್ತಿ ಒಳಗೆ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ತಳದಲ್ಲಿ, ನೆಗ್ಗಿನ ಸಂದಿಯಲ್ಲಿ, ಅಂಚಿನ ಸುತ್ತಲೂ ಸವರಿ ನಾಲಿಗೆಗೆ ಇಟ್ಟುಕೊಂಡ.

ಉಪ್ಪಿರಲಿಲ್ಲ. ತಪಲೆಯನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ತೊಳೆದಿದ್ದರು.